ಮೌಸ್‌ಗೇಕೆ ಇಷ್ಟೊಂದು ಅಧಿಕಾರ?

ರೇಜರ್ ಕಂಪನಿಯ ಗೇಮಿಂಗ್ ಮೌಸೊಂದನ್ನು ವಿಂಡೋಸ್ 10 ಕಂಪ್ಯೂಟರಿಗೆ ಚುಚ್ಚಿದರೆ ಏನಾಗುತ್ತದೆ ಎಂಬುದನ್ನು 2021ರ ಆಗಸ್ಟ್‌ನಲ್ಲಿ ಭದ್ರತಾ ಸಂಶೋಧಕರೊಬ್ಬರು ತೋರಿಸಿಕೊಟ್ಟರು. ಮೌಸನ್ನು ಗುರುತು ಹಿಡಿದ ವಿಂಡೋಸ್ ತಾನಾಗಿಯೇ ಕಂಪನಿಯ ಇನ್‌ಸ್ಟಾಲರನ್ನು ಇಳಿಸಿಕೊಂಡು ಓಡಿಸುತ್ತಿತ್ತು. ಓಡಿಸುತ್ತಿದ್ದುದು ಎದುರು ಕೂತಿರುವ ಬಳಕೆದಾರನ ಹೆಸರಿನಲ್ಲಲ್ಲ, ಅಡ್ಮಿನ್‌ಗಿಂತಲೂ ಮೇಲಿನ ‘ಸಿಸ್ಟಂ’ ಖಾತೆಯ ಹೆಸರಿನಲ್ಲಿ. ತಂತ್ರಾಂಶವನ್ನು ಯಾವ ಫೋಲ್ಡರಿನಲ್ಲಿ ಇಡಲಿ ಎಂದು ಇನ್‌ಸ್ಟಾಲರ್ ಕೇಳುತ್ತಿತ್ತು. ಫೋಲ್ಡರ್ ಆರಿಸುವ ಆ ಪುಟ್ಟ ಕಿಟಕಿಯಲ್ಲಿ ಶಿಫ್ಟ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಆಜ್ಞೆಗಳನ್ನು ಟೈಪ್ ಮಾಡುವ ಪವರ್‌ಶೆಲ್ ತೆರೆಯುವ ಆಯ್ಕೆ ಸಿಗುತ್ತಿತ್ತು. ತೆರೆದರೆ, ಇನ್‌ಸ್ಟಾಲರಿಗಿದ್ದ ಅಧಿಕಾರವೆಲ್ಲ ಅದಕ್ಕೂ ಬಂದಿರುತ್ತಿತ್ತು. ಒಂದು ಕ್ಷಣ ಮೊದಲು ಹೊಸ ತಂತ್ರಾಂಶ ಹಾಕಿಕೊಳ್ಳುವ ಹಕ್ಕೂ ಇಲ್ಲದಿದ್ದವನ ಕೈಗೆ ಇಡೀ ಯಂತ್ರ ಸಿಕ್ಕಿತು. ಇದಕ್ಕೆ ಕೋಡ್ ಬರೆಯುವುದು ಗೊತ್ತಿರಬೇಕಾಗಿರಲಿಲ್ಲ. ಮೌಸ್ ಕೂಡ ಬೇಕಿರಲಿಲ್ಲ. ತಾನೇ ರೇಜರ್ ಮೌಸ್ ಎಂದು ನಟಿಸುವ ಆಂಡ್ರಾಯ್ಡ್ ಫೋನ್ ಸಾಕು ಎಂದು ಬೇರೆಯವರು ಆಮೇಲೆ ತೋರಿಸಿದರು.

ಯಂತ್ರದಲ್ಲಿ ಅಲ್ಪ ಹಕ್ಕಿನೊಂದಿಗೆ ಇರುವವನು ಪೂರ್ಣ ಹಕ್ಕಿಗೆ ಏರುವ ಇಂಥ ದೋಷಗಳನ್ನು ಭದ್ರತಾ ತಂಡಗಳು ‘ಲೋಕಲ್ ಪ್ರಿವಿಲೇಜ್ ಎಸ್ಕಲೇಶನ್’ ಎನ್ನುತ್ತವೆ. ಈ ‘ಲೋಕಲ್’ ಎಂಬ ವಿಶೇಷಣವೇ ಅವುಗಳ ಬಗ್ಗೆ ಅಸಡ್ಡೆ ಹುಟ್ಟಿಸಿದೆ. ದಾಳಿಕೋರ ಮೊದಲೇ ಒಳಗಿದ್ದರೆ ತಾನೇ ತೊಂದರೆ ಎಂಬ ವಾದ ಎಷ್ಟೋ ಕಚೇರಿಗಳಲ್ಲಿ ಕೇಳಿಬರುತ್ತದೆ. ದೋಷಗಳ ತೀವ್ರತೆಗೆ ಹತ್ತಕ್ಕೆ ಇಷ್ಟೆಂದು ಅಂಕ ಕೊಡುವ ಪದ್ಧತಿಯಲ್ಲೂ ಇವುಗಳಿಗೆ ಸಿಗುವುದು ಸಾಮಾನ್ಯವಾಗಿ 7.8. ಒಂಬತ್ತು ದಾಟಿದವನ್ನು ಮೊದಲು ಸರಿಪಡಿಸಿ, ಇವನ್ನು ಮುಂದಿನ ತಿಂಗಳಿಗೆ ತಳ್ಳುವುದು ರೂಢಿ. ಆದರೆ ಮೋಸದ ಇಮೇಲ್ ತೆರೆದ ಗುಮಾಸ್ತರ ಖಾತೆಯಷ್ಟನ್ನೇ ಹಿಡಿದುಕೊಂಡು ಕಳ್ಳನಿಗೆ ಹೆಚ್ಚೇನೂ ಮಾಡಲಾಗದು. ಆಂಟಿವೈರಸ್ ನಿಲ್ಲಿಸಲು, ಬ್ಯಾಕಪ್ ಅಳಿಸಲು, ಪಕ್ಕದ ಯಂತ್ರಗಳಿಗೆ ನುಗ್ಗಲು ಸಾಮಾನ್ಯವಾಗಿ ಮೇಲಿನ ಹಕ್ಕು ಬೇಕು. 2010ರಲ್ಲಿ ಬಯಲಾದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ ಬಳಸಿದ್ದ, ಅಲ್ಲಿಯವರೆಗೆ ಪ್ಯಾಚ್ ಬಂದಿರದ ನಾಲ್ಕು ವಿಂಡೋಸ್ ದೋಷಗಳಲ್ಲಿ ಎರಡು ಈ ಜಾತಿಯವೇ.

ಚರ್ಚೆ ಯಾವಾಗಲೂ ದೋಷದ ಸುತ್ತ ನಡೆಯುತ್ತದೆ. ಯಾರು ಕಂಡುಹಿಡಿದರು, ಪ್ಯಾಚ್ ಎಂದು ಬಂತು, ಅಷ್ಟೆ. ಆ ತಂತ್ರಾಂಶಕ್ಕೆ ಅಷ್ಟು ಅಧಿಕಾರ ಕೊಟ್ಟವರ್‍ಯಾರು, ಯಾಕೆ ಎಂದು ಕೇಳುವವರು ಕಡಿಮೆ. ಕೋಡ್ ಎಂದಮೇಲೆ ತಪ್ಪು ಇದ್ದೇ ಇರುತ್ತದೆ. ಸಾಮಾನ್ಯ ಖಾತೆಯಲ್ಲಿ ಓಡುವ ತಂತ್ರಾಂಶದ ತಪ್ಪು ಒಬ್ಬನ ಕೆಲಸ ಕೆಡಿಸೀತು. ಅದೇ ತಪ್ಪು ಪೂರ್ಣ ಅಧಿಕಾರದ, ಅಂದರೆ ‘ರೂಟ್’ ಹಕ್ಕಿನಲ್ಲಿ ಓಡಿದರೆ ಯಂತ್ರವೇ ಹೋಗುತ್ತದೆ.

ಜೂಮ್ ವಿಷಯವನ್ನೇ ನೋಡಿ. ಮ್ಯಾಕ್ ಕಂಪ್ಯೂಟರುಗಳಲ್ಲಿ ಜೂಮ್ ತನ್ನನ್ನು ತಾನೇ ಅಪ್‌ಡೇಟ್ ಮಾಡಿಕೊಳ್ಳಲು ರೂಟ್ ಹಕ್ಕಿನ ಸಹಾಯಕ ಪ್ರೋಗ್ರಾಮೊಂದನ್ನು ಇಟ್ಟಿತ್ತು. ಬಳಕೆದಾರ ಪದೇ ಪದೇ ಪಾಸ್‌ವರ್ಡ್ ಕೊಡುವ ರಗಳೆ ತಪ್ಪಲಿ ಎಂಬುದಷ್ಟೇ ಉದ್ದೇಶ. ಬಂದ ಅಪ್‌ಡೇಟ್ ನಿಜಕ್ಕೂ ಜೂಮ್‌ನದೇ ಎಂದು ಅದು ಸಹಿ ಪರೀಕ್ಷೆಯನ್ನೂ ಮಾಡುತ್ತಿತ್ತು. ಹೇಗೆಂದರೆ, ಸಹಿಯ ವಿವರ ಮುದ್ರಿಸುವ ಪ್ರೋಗ್ರಾಮಿನ ಉತ್ತರದಲ್ಲಿ ಜೂಮ್‌ನ ಪ್ರಮಾಣಪತ್ರದ ಹೆಸರು ಇದೆಯೇ ಎಂದು ಹುಡುಕಿ. ಆ ಉತ್ತರದಲ್ಲಿ ಕಡತದ ಹೆಸರೂ ಬರುತ್ತದೆ ಎಂಬುದು ಬರೆದವರ ಗಮನಕ್ಕೆ ಬಂದಿರಲಿಲ್ಲ. ಕಡತಕ್ಕೇ ಪ್ರಮಾಣಪತ್ರದ ಹೆಸರಿಟ್ಟರೆ ಆಯಿತು, ಪರೀಕ್ಷೆ ಪಾಸು! ಭದ್ರತಾ ಸಂಶೋಧಕ ಪ್ಯಾಟ್ರಿಕ್ ವಾರ್ಡಲ್ ಇದನ್ನು 2021ರ ಡಿಸೆಂಬರ್‌ನಲ್ಲೇ ಕಂಪನಿಗೆ ತಿಳಿಸಿದ್ದರು. 2022ರ ಆಗಸ್ಟ್‌ನಲ್ಲಿ ಲಾಸ್ ವೇಗಸ್‌ನ ಡೆಫ್‌ಕಾನ್ ಸಮಾವೇಶದಲ್ಲಿ ಅವರು ಮಾತಾಡುವ ಹೊತ್ತಿಗೂ ರಿಪೇರಿ ಪೂರ್ತಿಯಾಗಿರಲಿಲ್ಲ. ಅಪ್‌ಡೇಟ್ ಮಾಡಿಕೊಳ್ಳಿ, ಸುರಕ್ಷಿತವಾಗಿರಿ ಎಂದು ಹಗಲಿರುಳು ಹೇಳುವ ಲೋಕದಲ್ಲಿ ಅಪ್‌ಡೇಟರೇ ಕಿಂಡಿಯಾಗಿತ್ತು.

ಡ್ರೈವರುಗಳ ಕಥೆ ಇನ್ನೂ ಕೆಟ್ಟದು. ಅವು ಹೆಚ್ಚಾಗಿ ಓಡುವುದು ಕರ್ನಲ್‌ನಲ್ಲಿ, ಅಂದರೆ ಕಾರ್ಯಾಚರಣ ವ್ಯವಸ್ಥೆಯ ಗರ್ಭಗುಡಿಯಲ್ಲಿ. ಡೆಲ್ ಕಂಪನಿಯ ಫರ್ಮ್‌ವೇರ್ ಅಪ್‌ಡೇಟ್ ಸಾಧನಗಳ ಜತೆ 2009ರಿಂದ ಬರುತ್ತಿದ್ದ ಡ್ರೈವರೊಂದು, ಕೇಳುವವರು ಯಾರೆಂದು ನೋಡದೆ ಯಾವ ಬಳಕೆದಾರನ ಆಜ್ಞೆಯನ್ನೂ ಸ್ವೀಕರಿಸುತ್ತಿತ್ತು. ಅದು ಬೆಳಕಿಗೆ ಬಂದದ್ದು 2021ರ ಮೇನಲ್ಲಿ, ಕೋಟ್ಯಂತರ ಯಂತ್ರಗಳಿಗೆ ಹೋದಮೇಲೆ. ಪ್ಯಾಚ್ ಬಂತು. ಆದರೂ ಅದೇ ವರ್ಷದ ಕೊನೆಯ ಭಾಗದಲ್ಲಿ ಉತ್ತರ ಕೊರಿಯಾದ ನಂಟಿನ ಲಜಾರಸ್ ಗುಂಪು ಆ ಡ್ರೈವರನ್ನೇ ಬಳಸಿ ನೆದರ್ಲೆಂಡ್ಸ್‌ನ ಏರೋಸ್ಪೇಸ್ ಕಂಪನಿಯೊಂದರ ಉದ್ಯೋಗಿಯನ್ನೂ ಬೆಲ್ಜಿಯಂನ ರಾಜಕೀಯ ಪತ್ರಕರ್ತರೊಬ್ಬರನ್ನೂ ಗುರಿ ಮಾಡಿತು. ಹಳೆಯ ಡ್ರೈವರಿನ ಮೇಲೆ ಕಂಪನಿಯ ಅಸಲಿ ಸಹಿ ಇರುವುದರಿಂದ ವಿಂಡೋಸ್ ಅದನ್ನು ನಂಬುತ್ತದೆ. ದಾಳಿಕೋರರು ಅದನ್ನು ತಮ್ಮ ಜತೆಗೇ ಹೊತ್ತು ತರುತ್ತಾರೆ. 2022ರಲ್ಲಿ ರಾನ್ಸಮ್‌ವೇರ್ ತಂಡವೊಂದು ಗೆನ್ಶಿನ್ ಇಂಪ್ಯಾಕ್ಟ್ ಎಂಬ ಆಟದ ಡ್ರೈವರನ್ನು ಹೀಗೇ ತಂದು ಆಂಟಿವೈರಸ್ಸನ್ನು ಕೊಂದಿತು. ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯಲು ಮಾಡಿದ ಡ್ರೈವರ್ ಅದು. ಬಲಿಯಾದ ಕಂಪ್ಯೂಟರಿನಲ್ಲಿ ಆ ಆಟ ಇರಲೇಬೇಕೆಂದೂ ಇರಲಿಲ್ಲ.

ಲಿನಕ್ಸ್ ಲೋಕವೂ ಬೀಗುವಂತಿಲ್ಲ. ಪ್ರಮುಖ ಲಿನಕ್ಸ್ ಆವೃತ್ತಿಗಳಲ್ಲೆಲ್ಲ ಬರುತ್ತಿದ್ದ ಪಿಕೆಎಕ್ಸೆಕ್ ಎಂಬ ಪುಟ್ಟ ಪ್ರೋಗ್ರಾಮಿನ ದೋಷ 2009ರ ಮೇಯಿಂದ 2022ರ ಜನವರಿವರೆಗೆ ಅಡಗಿ ಕೂತಿತ್ತು. ಯಾರೇ ಓಡಿಸಿದರೂ ಆ ಪ್ರೋಗ್ರಾಮು ರೂಟ್ ಹಕ್ಕಿನಲ್ಲಿ ಓಡುತ್ತದೆ. ನನಗೆ ಮುಖ್ಯವೆನಿಸುವುದು ಪ್ಯಾಚ್ ಬರುವವರೆಗೆ ತಜ್ಞರು ಸೂಚಿಸಿದ ತಾತ್ಕಾಲಿಕ ಉಪಾಯ: ಒಂದೇ ಸಾಲಿನ ಆಜ್ಞೆಯಿಂದ ಆ ರೂಟ್ ಹಕ್ಕನ್ನು ಕಿತ್ತುಹಾಕಿ ಎಂದರು. ತೆರೆಯ ಮುಂದೆ ಯಾರೂ ಕೂರದ ಎಷ್ಟೋ ಸರ್ವರುಗಳಲ್ಲಿ ಹಾಗೆ ಕಿತ್ತರೂ ಏನೂ ನಿಲ್ಲುವುದಿಲ್ಲ. ಹಾಗಾದರೆ ಹನ್ನೆರಡು ವರ್ಷ ಆ ಹಕ್ಕು ಅಲ್ಲಿ ಯಾರಿಗಾಗಿ ಕಾದಿತ್ತು?

ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಿ ಎಂಬುದನ್ನು ಕಂಪ್ಯೂಟರ್ ವಿಜ್ಞಾನಿಗಳಾದ ಸಾಲ್ಟ್ಜರ್ ಮತ್ತು ಶ್ರೋಡರ್ 1975ರಲ್ಲೇ ಬರೆದಿಟ್ಟಿದ್ದಾರೆ. ಸಾಧ್ಯವಿಲ್ಲ ಎನ್ನುವಂತೆಯೂ ಇಲ್ಲ. ದೂರದ ಯಂತ್ರಗಳಿಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ತಂತ್ರಾಂಶ 2002ರಲ್ಲೇ ತನ್ನ ಕೆಲಸವನ್ನು ಒಡೆದು, ಅಪರಿಚಿತರ ಜತೆ ಮಾತಾಡುವ ಭಾಗದಿಂದ ರೂಟ್ ಹಕ್ಕನ್ನು ದೂರವಿಟ್ಟಿತು. ಉಳಿದವರು ಯಾಕೆ ಮಾಡುವುದಿಲ್ಲ ಎಂದರೆ, ಮೇಲಿನ ಹಕ್ಕು ತೆಗೆದುಕೊಂಡರೆ ಬರೆಯುವವರಿಗೆ ಕೆಲಸ ಸುಲಭ, ಗ್ರಾಹಕರ ದೂರು ಕಡಿಮೆ. ಅನಾಹುತವಾದರೆ ಖರ್ಚು ಗ್ರಾಹಕನದು. 2024ರ ಜುಲೈ 19ರಂದು ಭದ್ರತಾ ತಂತ್ರಾಂಶ ಕಂಪನಿ ಕ್ರೌಡ್‌ಸ್ಟ್ರೈಕ್‌ನ ದೋಷಪೂರಿತ ಅಪ್‌ಡೇಟ್ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳನ್ನು ಮಲಗಿಸಿತು. ಅದು ದಾಳಿಯಾಗಿರಲಿಲ್ಲ, ಆದರೆ ಕರ್ನಲ್‌ನಲ್ಲಿ ಕೂತ ತಂತ್ರಾಂಶದ ತಪ್ಪು ಎಷ್ಟು ದೂರ ಹೋಗುತ್ತದೆ ಎಂಬುದು ಬೆಂಗಳೂರು ವಿಮಾನ ನಿಲ್ದಾಣದ ಸಾಲಿನಲ್ಲಿ ನಿಂತವರಿಗೂ ಗೊತ್ತಾಯಿತು. ಆಮೇಲೆ, ಅದೇ ವರ್ಷದ ನವೆಂಬರ್‌ನಲ್ಲಿ, ಭದ್ರತಾ ತಂತ್ರಾಂಶಗಳು ಕರ್ನಲ್‌ನಿಂದ ಹೊರಗೆ ಓಡುವ ವ್ಯವಸ್ಥೆ ಮಾಡುತ್ತೇವೆ ಎಂದು ಮೈಕ್ರೋಸಾಫ್ಟ್ ಘೋಷಿಸಿತು.

ನಮ್ಮಲ್ಲಿ ಒತ್ತಡ ಹಾಕಬಲ್ಲ ಸ್ಥಾನದಲ್ಲಿರುವುದು ದೊಡ್ಡ ಖರೀದಿದಾರರಾದ ಸರ್ಕಾರ ಮತ್ತು ಬ್ಯಾಂಕುಗಳು. ತಂತ್ರಾಂಶದ ಟೆಂಡರಿನಲ್ಲಿ ಬೆಲೆ, ವಾರಂಟಿಗಳ ಜತೆಗೆ ಇನ್ನೊಂದು ಕಾಲಂ ಸೇರಿಸಲಿ: ನಿಮ್ಮ ಪ್ರೋಗ್ರಾಮಿನ ಯಾವ ಭಾಗ ಅಡ್ಮಿನ್ ಅಥವಾ ಅದಕ್ಕೂ ಮೇಲಿನ ಹಕ್ಕಿನಲ್ಲಿ ಓಡುತ್ತದೆ, ಅದಿಲ್ಲದೆ ಯಾವ ಕೆಲಸ ನಿಲ್ಲುತ್ತದೆ, ತೆಗೆದುಹಾಕಿದಾಗ ಡ್ರೈವರ್ ಕೂಡ ಹೋಗುತ್ತದೆಯೇ. ‘ಅಡ್ಮಿನ್ ಖಾತೆಯಲ್ಲೇ ಬಳಸತಕ್ಕದ್ದು’ ಎಂದು ಉತ್ತರಿಸುವ ಕಂಪನಿಯ ಅರ್ಜಿಯನ್ನು ತಾಂತ್ರಿಕ ಹಂತದಲ್ಲೇ ಬದಿಗಿಡಬಹುದು. ಹಾಗೆ ಎರಡು ಟೆಂಡರ್ ಕೈತಪ್ಪಿದರೆ ಮೂರನೆಯದರ ಹೊತ್ತಿಗೆ ಎಂಜಿನಿಯರುಗಳಿಗೆ ಸಮಯ ಸಿಕ್ಕೇ ಸಿಗುತ್ತದೆ.