ಬರದ ನಾಡು, ಕಲಶದ ಸವಾಲು

ದ್ವಾದಶವರ್ಷದ ಕ್ಷಾಮವನ್ನು ಮುನ್ನರಿತು ಭದ್ರಬಾಹು ಸ್ವಾಮಿಗಳ ಸಂಘವು ಕಳ್ವಪ್ಪಿಗೆ ಬಂದಿತೆಂಬುದು ನಮ್ಮ ಪರಂಪರೆ. ಅಂದು ಆಶ್ರಯವಿತ್ತ ನಾಡೇ 2023ರಲ್ಲಿ ಒಣಗಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯು ಕೇಂದ್ರದ ದಾಸ್ತಾನಿನಿಂದ ದೊರೆಯದೆ, ರಾಜ್ಯವು ತಲೆಗೆ 170 ರೂಪಾಯಿ ಹಂಚಿತು. ಹಣವನ್ನು ಬೇಯಿಸಿ ಉಣ್ಣಲಾಗದು! ಬರಪರಿಹಾರಕ್ಕಾಗಿ ರಾಜ್ಯವೊಂದು ಸುಪ್ರೀಂ ಕೋರ್ಟಿನ ಮೆಟ್ಟಿಲೇರಬೇಕಾದುದು ಒಕ್ಕೂಟಕ್ಕೆ ಶೋಭೆಯಲ್ಲ.

ಆದರೆ ಸರ್ಕಾರಗಳನ್ನು ದೂರಿ ಸುಮ್ಮನಾಗುವ ಅಧಿಕಾರ ನಮಗಿದೆಯೆ? ಚತುರ್ವಿಧ ದಾನಗಳಲ್ಲಿ ಆಹಾರದಾನವನ್ನು ಎಣಿಸುವ ನಾವೇ ಅಭಿಷೇಕದ ಕಲಶಕ್ಕೆ ಲಕ್ಷಗಳವರೆಗೆ ಸವಾಲು ಕೂಗುತ್ತೇವೆ. ಊರ ಕೆರೆಯ ಹೂಳು ಹಾಗೆಯೇ ಉಳಿದಿದೆ. ಕೀಲ್ಪಾಕ್‌ನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳು ಮುಂದಿನ ದಶಲಕ್ಷಣ ಪರ್ವದ ಸವಾಲಿನ ಹಣದಲ್ಲಿ ಅರ್ಧವನ್ನಾದರೂ ತಮ್ಮ ಮೂಲ ಊರಿನ ಹೂಳೆತ್ತುವ ಕೆಲಸಕ್ಕೆ, ಜಾತಿಮತ ಕೇಳದೆ ಕಾಳುಕಡ್ಡಿ ಹಂಚುವುದಕ್ಕೆ ಮೀಸಲಿಡಲಿ.