ಒಂಟಿಕಂಬದ ಮೇಜು ಮತ್ತು ಕಾಣದ ಕಚ್ಚು

ಬಡಗಿಯೊಡನೆ ಮೇಜಿನ ಕ್ರಯ ಮಾತಾಡುವಾಗ ನಾವು ಕೇಳುವುದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಮರ ಯಾವುದು, ಪಾಲಿಶ್ ಎಂಥದು. ಕಚ್ಚು ಹೇಗೆ ಹೊಡೆಯುತ್ತೀರಿ ಎಂದು ವಿಚಾರಿಸುವವರು ವಿರಳ. ಕಚ್ಚು ಕಣ್ಣಿಗೆ ಕಾಣದು. ಕಾಣದ ಕೆಲಸಕ್ಕೆ ಕೂಲಿ ಕೊಡಲು ಕೈ ಮುಂದೆ ಬಾರದು. ಆದರೆ ಒಂಟಿಕಂಬದ ದುಂಡುಮೇಜಿನ ಮಟ್ಟಿಗೆ, ಕೂಲಿ ಮೊದಲು ಸಲ್ಲಬೇಕಾದದ್ದು ಆ ಕಚ್ಚಿಗೇ ಎಂಬುದು ನಮ್ಮ ಅಭಿಪ್ರಾಯ.

ಮಹಾನಗರಗಳ ಕಿರುಮನೆಗಳಲ್ಲಿ ಬಾಳುವ ನಮ್ಮಂಥವರಿಗೆ ಈ ಮೇಜು ಒಗ್ಗುವಂಥದು. ಚುಚ್ಚುವ ಮೂಲೆಗಳಿಲ್ಲ, ಮೊಣಕಾಲಿಗೆ ತಗಲುವ ಕಾಲುಗಳಿಲ್ಲ. ಚನ್ನಪಟ್ಟಣದ ಬೊಂಬೆಯ ಹಾಗೆ ಲೇತಿನಲ್ಲಿ ಕಡೆದ ಒಂದು ಕಂಬ, ಅದರ ಬುಡದಿಂದ ಬಾಗಿ ಹೊರಚಾಚಿದ ಮೂರು ಕಾಲು, ಮೇಲೊಂದು ದುಂಡು ಹಲಗೆ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಚಹಾಕೂಟಗಳೊಡನೆ ಬಳಕೆಗೆ ಬಂದ ರೂಪವಿದು. 1950ರ ದಶಕದಲ್ಲಿ ವಾಸ್ತುಶಿಲ್ಪಿ ಈರೋ ಸಾರಿನೆನ್ ಇಂಥದೇ ಮೇಜಿಗೆ ಕಂಬವನ್ನೂ ಪಾದವನ್ನೂ ಲೋಹದಲ್ಲಿ ಒಟ್ಟಿಗೇ ಎರಕ ಹೊಯ್ಯಿಸಿ ಕೀಲಿನ ಪ್ರಶ್ನೆಯನ್ನೇ ಇಲ್ಲವಾಗಿಸಿದ. ಮರಗೆಲಸದವನಿಗೆ ಆ ಅನುಕೂಲವಿಲ್ಲ.

ಅವನ ಕಷ್ಟವನ್ನು ತುಸು ವಿವರವಾಗಿಯೇ ನೋಡಬೇಕು. ಮೇಜಿನ ಭಾರ ಕಂಬದ ಮೂಲಕ ಕೆಳಗಿಳಿಯುತ್ತದೆ; ನೆಲ ಕಾಲಿನ ತುದಿಯನ್ನು ಮೇಲಕ್ಕೆ ಒತ್ತುತ್ತದೆ. ಆಗ ಕೀಲಿನ ಮೇಲ್ಭಾಗ ಕಂಬಕ್ಕೆ ಅಮುಕಿಕೊಳ್ಳುತ್ತದೆ, ಕೆಳಭಾಗ ಕಂಬದಿಂದ ಕಿತ್ತುಕೊಳ್ಳಲು ಹವಣಿಸುತ್ತದೆ. ಬರಿಯ ಗೋಂದು, ಬರಿಯ ತಿರುಪು ಈ ಎಳೆತವನ್ನು ಬಹುಕಾಲ ತಾಳಲಾರವು. ಆದ್ದರಿಂದಲೇ ಹಳಬರು ಕಾಲಿನ ತಲೆಯನ್ನು ಪಾರಿವಾಳದ ಬಾಲದ ಆಕಾರದಲ್ಲಿ, ಬುಡ ಕಿರಿದು ತುದಿ ಅಗಲವಾಗುವಂತೆ, ಕೊರೆದರು. ಕಂಬದಲ್ಲಿ ಅದಕ್ಕೊಪ್ಪುವ ಗಾಡಿ ತೆಗೆದು ಕೆಳಗಿನಿಂದ ಮೇಲಕ್ಕೆ ಜಾರಿಸಿ ಕೂಡಿಸಿದರು. ಹೊರಕ್ಕೆ ಎಳೆದಷ್ಟೂ ಅದು ಬಿಗಿಯುತ್ತದೆ. ಎಳೆತ ಹೆಚ್ಚಾದರೆ ಕಂಬದ ಬುಡವೇ ಸೀಳಬಹುದೆಂದು ಅಡಿಯಲ್ಲಿ ಮೂರು ತೋಳಿನ ಕಬ್ಬಿಣದ ಪಟ್ಟಿಯನ್ನೂ ಬಡಿಯುತ್ತಿದ್ದರು. ಕಂಬ ದುಂಡು, ಕಾಲಿನ ಹೆಗಲು ಚಪ್ಪಟೆ; ಎರಡೂ ಸಂದಿಲ್ಲದೆ ಕೂಡಬೇಕಾದರೆ ಹೆಗಲನ್ನು ಉಳಿಯಿಂದ ಒಳಬಾಗಿಸಬೇಕು, ಇಲ್ಲವೇ ಕಂಬವನ್ನು ಅಷ್ಟು ಜಾಗದಲ್ಲಿ ಚಪ್ಪಟೆಯಾಗಿ ಹೆರೆಯಬೇಕು. ಇದು ಅವಸರದ ಕೆಲಸವಲ್ಲ.

ಕಾಲಿನ ಮರದಲ್ಲಿ ಎಳೆಯ ದಿಕ್ಕೂ ಮುಖ್ಯ. ಬಾಗಿದ ಕಾಲಿನ ಅತಿ ತೆಳುವಾದ ಜಾಗದಲ್ಲಿ ನಾರು ಅಡ್ಡ ಬಿದ್ದರೆ ಅಲ್ಲಿಯೇ ಮುರಿಯುತ್ತದೆ, ಮರ ಎಂಥ ಸಾಗುವಾನಿಯಾದರೂ ಸರಿಯೆ.

ಮೂರು ಕಾಲೇ ಏಕೆ ಎಂಬ ಪ್ರಶ್ನೆಗೂ ಉತ್ತರವಿದೆ. ಮೂರು ಬಿಂದುಗಳು ಎಂಥ ನೆಲದಲ್ಲೂ ಊರಿ ನಿಲ್ಲುತ್ತವೆ; ಹಳೆಯ ಚಾಳುಗಳ ಏರುಪೇರಿನ ನೆಲದಲ್ಲಿ ನಾಲ್ಕನೆಯ ಕಾಲಿಗೆ ಕಾಗದ ಮಡಚಿ ಇಡುವ ಗೋಳಿಲ್ಲ. ಆದರೆ ಎರಡು ಕಾಲುಗಳ ನಡುವಿನ ಅಂಚಿಗೆ ಮೊಣಕೈ ಊರಿ ಭಾರ ಬಿಟ್ಟರೆ ಮೇಜು ಮಗುಚಬಲ್ಲದು. ಅಲ್ಲಿ ಆಸರೆಯ ಗೆರೆ ನಡುವಿನಿಂದ ಕಾಲುದ್ದದ ಅರ್ಧದಷ್ಟೇ ದೂರ. ನಾಲ್ಕು ಕಾಲಾದರೆ ಸುಮಾರು 0.7ರಷ್ಟು. ಹಲಗೆ ದೊಡ್ಡದಿದ್ದು ಊಟಕ್ಕೆ ಬಳಸುವುದಾದರೆ ನಾಲ್ಕೇ ಮೇಲೆಂದು ನಾವು ಹೇಳುತ್ತೇವೆ. ಓದಿಗೆ, ಚಹಾಕ್ಕೆ ಮೂರು ಸಾಕು.

ಹಲಗೆಯಂತೂ ಮಳೆಗಾಲದ ಮುಂಬೈಯಲ್ಲಿ ಅಡ್ಡಡ್ಡ ಹಿಗ್ಗುತ್ತದೆ, ಮೇ ತಿಂಗಳ ದೆಹಲಿಯಲ್ಲಿ ಕುಗ್ಗುತ್ತದೆ. ಅಡಿಪಟ್ಟಿಯನ್ನು ಗೋಂದಿನಿಂದ ಅಂಟಿಸಿ ಕಟ್ಟಿಹಾಕಿದರೆ ಸೀಳುವುದೊಂದೇ ಅದಕ್ಕೆ ಉಳಿಯುವ ದಾರಿ. ತಿರುಪಿನ ತೂತುಗಳನ್ನು ಉದ್ದುದ್ದ ಕೊರೆದು ಸರಿದಾಡಲು ಬಿಡಬೇಕು.

ಸಿದ್ಧಮೇಜು ಅಗ್ಗ, ನಾಳೆಯೇ ಮನೆಬಾಗಿಲಿಗೆ ಬರುತ್ತದೆ, ಬಾಡಿಗೆಮನೆ ಬದಲಿಸುವವರಿಗೆ ಅದೇ ಸರಿ ಎನ್ನುವವರಿದ್ದಾರೆ. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ತಿಂಗಳ ಸಂಬಳದಲ್ಲಿ ಬದುಕುವವರ ಲೆಕ್ಕ ಅದು. ಆದರೆ ಮರದ ಪುಡಿಯನ್ನು ಒತ್ತಿ ಮಾಡಿದ ಹಲಗೆಯಲ್ಲಿ ಒಮ್ಮೆ ಕಿತ್ತ ತಿರುಪು ಅದೇ ತೂತಿನಲ್ಲಿ ಮತ್ತೆ ಹಿಡಿಯುವುದು ಕಷ್ಟ. ಮನೆ ಬದಲಿಸುವವರಿಗೇ ಅದರಿಂದ ಹೆಚ್ಚು ನಷ್ಟ. ಹೊರಗೆ ಥಳುಕು, ಒಳಗೆ ಹುಳುಕು ಎಂದು ನಮ್ಮ ಹಿರಿಯರು ಹೇಳಿದ್ದು ಹುಳು ತಿಂದ ಮರವನ್ನು ಕಂಡೇ ಇರಬೇಕು.

ಮುಂಬೈಯಲ್ಲಿ ಮರಗೆಲಸ ಮಾಡುವ ರಾಜಸ್ಥಾನದ ಸುತಾರರೊಡನೆ ಕಚ್ಚು ಎಂದರೆ ನಡೆಯದು, ಚೂಲ್ ಎನ್ನಬೇಕು. ಬುಡ ಅಲುಗಾಡಿತು ಎನ್ನಲು ಹಿಂದಿಯವರು ಚೂಲ್ ಅಲುಗಾಡಿತು ಎನ್ನುತ್ತಾರೆ. ಆ ಶಬ್ದವನ್ನು ಬಳಸಿ, ಚೂಲಿನ ಕೂಲಿಯನ್ನು ಪಾಲಿಶಿನ ಕೂಲಿಯೊಡನೆ ಬೆರೆಸದೆ ಬೇರೆಯೇ ಸಾಲಿನಲ್ಲಿ ಬರೆಯಿಸಿ ಒಪ್ಪಂದ ಮಾಡಿಕೊಳ್ಳಬೇಕೆಂಬುದು ನಮ್ಮ ಸಲಹೆ. ಇನ್ನೊಂದು ಷರತ್ತನ್ನೂ ಸೇರಿಸಬಹುದು: ಗೋಂದು ಹಚ್ಚುವ ಮುನ್ನ ಮೂರು ಕಾಲನ್ನೂ ಒಣದಾಗಿಯೇ ಕೂಡಿಸಿ ತೋರಿಸಬೇಕು. ಕಚ್ಚು ಸರಿಯಾಗಿದ್ದರೆ ಕೊಡತಿಯ ನಾಲ್ಕಾರು ಮೆಲುಪೆಟ್ಟಿಗೆ ಕಾಲು ಒಳಸೇರುತ್ತದೆ. ಕಂಬವನ್ನು ಕೈಯಲ್ಲೆತ್ತಿ ಹಿಡಿದರೂ ಕೆಳಗೆ ಜಾರದು.