ಇಟಗಿಗೂ ಒಂದು ಮುಂಜಾನೆ ಕೊಡಿ

ಡಿಸೆಂಬರ್ ಬಂತೆಂದರೆ ಸಿದ್ದಾಪುರದ ಸುತ್ತಲಿನ ಶಾಲೆಗಳ ಪ್ರವಾಸದಿಂದ ನನ್ನ ಗಾಡಿಗೆ ಬಿಡುವಿರುವುದಿಲ್ಲ. ಮಾಸ್ತರರ ಪಟ್ಟಿ ಪ್ರತಿವರ್ಷವೂ ಅದೇ: ಅಂಜನಾದ್ರಿ, ಹಂಪಿ, ಟಿ.ಬಿ. ಡ್ಯಾಂ. ಹಂಪಿ ಬೇಡ ಎನ್ನಲು ನಾನ್ಯಾರು? ಆದರೆ ನಮ್ಮದೇ ಕೊಪ್ಪಳ ಜಿಲ್ಲೆಯ ಇಟಗಿಯ ಗುಡಿ ಪಟ್ಟಿಯಲ್ಲಿ ಇರುವುದೇ ಅಪರೂಪ. ಇದ್ದರೂ ಕೊನೆಗೆ, ಹೊತ್ತು ಮುಳುಗುವಾಗ, ಮಕ್ಕಳು ಸೀಟಿನಲ್ಲೇ ತೂಕಡಿಸುವ ವೇಳೆಗೆ.

ಹೋದ ಸಲ ಒಬ್ಬ ಮಾಸ್ತರರು ದಾರಿಯುದ್ದಕ್ಕೂ ಅಥೆನ್ಸಿನ ಪಾರ್ಥೆನಾನ್ ಕಥೆ ಹೇಳಿದರು. ಕ್ರಿ.ಪೂ. 447ರಲ್ಲಿ ಕಟ್ಟಲು ಶುರು ಮಾಡಿದ ಅಥೀನಾ ದೇವಿಯ ಗುಡಿ. ಆಮೇಲೆ ಚರ್ಚಾಯಿತು, ಮಸೀದಿಯಾಯಿತು. 1687ರಲ್ಲಿ ತುರ್ಕರು ಒಳಗೆ ತುಂಬಿಟ್ಟ ಮದ್ದಿಗೆ ವೆನಿಸ್‌ನವರ ಗುಂಡು ತಾಗಿ ನಡುಭಾಗವೇ ಸಿಡಿಯಿತು. ಉಳಿದ ಶಿಲ್ಪಗಳಲ್ಲಿ ಅರ್ಧದಷ್ಟು ಈಗ ಲಂಡನ್ನಿನಲ್ಲಿವೆ. ಸ್ಟೇರಿಂಗ್ ಹಿಡಿದೇ ಎಲ್ಲ ಕೇಳಿದೆ, ಚಲೋ ಇತ್ತು. ಅದೇ ಹುರುಪಿನಲ್ಲಿ ಇಟಗಿಯ ಕಥೆಯನ್ನೂ ಹೇಳಬಹುದಲ್ಲ!

ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯ ದೊಡ್ಡ ಗುಡಿ ಕಟ್ಟಿಸಿದ. ತಂದೆತಾಯಿಯ ನೆನಪಿಗೆ ಮೂರ್ತಿನಾರಾಯಣ, ಚಂದ್ರಲೇಶ್ವರಿ ಗುಡಿಗಳನ್ನೂ ಅಲ್ಲೇ ಎಬ್ಬಿಸಿದ. ಶಾಸನದಲ್ಲಿ ದೊಡ್ಡ ಗುಡಿಗೆ ‘ದೇವಾಲಯ ಚಕ್ರವರ್ತಿ’ ಎಂಬ ಬಿರುದಿದೆ. ಕಟ್ಟಿಸಿದವನೇ ಬರೆಸಿದ ಹೊಗಳಿಕೆ, ತುಸು ಜಾಸ್ತಿಯೇ ಇರಬೇಕು ಎನ್ನುವವರಿಗೆ ಒಂದು ಮಾತು: ಕನ್ನಡ ನಾಡಿನಲ್ಲಿ ಹಳೇಬೀಡು ಬಿಟ್ಟರೆ ಇದೇ ಮೇಲು ಎಂದವರು ಪುರಾತತ್ವ ಇಲಾಖೆಯ ಹೆನ್ರಿ ಕಸೆನ್ಸ್. ಅವರಿಗೆ ಇಟಗಿಯ ಹಂಗೇನೂ ಇರಲಿಲ್ಲ.

ಮಕ್ಕಳನ್ನು ಮಂಟಪದ ಕಂಬದ ಹತ್ತಿರ ನಿಲ್ಲಿಸಿ. ಬಳಪದ ಕಲ್ಲು; ಗಣಿಯಿಂದ ತೆಗೆದಾಗ ಮೆತ್ತಗೆ, ಗಾಳಿಗೆ ಬಿಟ್ಟಂತೆ ಗಟ್ಟಿ. ಅದನ್ನು ತಿರುಗಿಸುತ್ತ ಕಡೆದಿದ್ದಾರೆ. ಉಂಗುರ ಉಂಗುರವಾಗಿ ಎದ್ದ ಅಂಚುಗಳು ಇವತ್ತಿಗೂ ಚೂಪಾಗಿವೆ. ನನ್ನ ಗಾಡಿಯ ಬ್ರೇಕ್ ಡ್ರಮ್ ಲೇತಿಗೆ ಹಾಕಿಸಿದಾಗಲೂ ಅಷ್ಟು ಸಾಫಾಗಿ ಬರುವುದಿಲ್ಲ, ಅದೂ ಕರೆಂಟಿನ ಮೋಟಾರಿನಲ್ಲಿ. ಆಮೇಲೆ ಕತ್ತೆತ್ತಿ ಛತ್ತು ನೋಡಲು ಹೇಳಿ, ಬಳ್ಳಿ ಸುರುಳಿ ಕೆತ್ತಿದ ಪರಿ ಕಾಣುತ್ತದೆ. ಗುಡಿ ಮೂಡಣಕ್ಕೆ ಮುಖ ಮಾಡಿದೆ. ಮುಂಜಾನೆಯ ಬಿಸಿಲಿದ್ದರೆ ಮಾತ್ರ ಇದರ ಸೊಗಸು ತಿಳಿಯುವುದು.

ಆರಕ್ಕೆ ಸಿದ್ದಾಪುರ ಬಿಟ್ಟರೆ ಗಂಗಾವತಿ, ಕೊಪ್ಪಳ, ಕುಕನೂರು ಹಾದು ಹತ್ತರೊಳಗೆ ಇಟಗಿ ಮುಟ್ಟಿಸುತ್ತೇನೆ. ಬರುವಾಗ ಕುಕನೂರಿನ ನವಲಿಂಗ ಗುಡಿಯೂ ಆಗುತ್ತದೆ. ಮಾಸ್ತರರೇ, ಈ ಸಲದ ಪಟ್ಟಿಯಲ್ಲಿ ಇಟಗಿಯನ್ನು ಮೊದಲು ಬರೆಯಿರಿ.